ವಾಸನಿ ಬೇಕೋ, ಪುಸ್ತಕ ಬೇಕೋ?

ಹೊಸ ಪುಸ್ತಕ ಕೈಗೆ ಸಿಕ್ಕರೆ ಮೊದಲು ಮೂಗಿಗೆ ಹಿಡಿದು ವಾಸನೆ ನೋಡುವವರ ಪೈಕಿ ನಾನೂ ಒಬ್ಬ. ಪದವಿ ಮುಗಿಸಿ ಧಾರವಾಡಕ್ಕೆ ಬಂದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಎರಡು ವರ್ಷವಾಯಿತು. ತಿಂಗಳ ಖರ್ಚಿನಲ್ಲಿ ಅಷ್ಟಿಷ್ಟು ಉಳಿಸಿ ಸುಭಾಸ ರಸ್ತೆಯಲ್ಲಿ ಒಂದು ಕಾದಂಬರಿ ಕೊಂಡರೆ ಆ ವಾರವೆಲ್ಲ ಹಬ್ಬ. ‘ಈಗ ಎಲ್ಲಾರೂ ಮೊಬೈಲ್‌ನಾಗ ಓದತಾರ, ಕೇಳತಾರ’ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ‘ಅದೆಂಥಾ ಓದು? ಕಾಗದದ ವಾಸನಿ ಇಲ್ಲ, ಹಾಳಿ ತಿರುವೋ ಸುಖ ಇಲ್ಲ’ ಎಂದು ಒಂದು ರಾತ್ರಿ ರೂಮಿನಲ್ಲಿ ಭಾಷಣವನ್ನೇ ಬಿಗಿದೆ.

ಮೂಲೆಯ ಕಾಟಿನ ಮೇಲೆ ಕುಳಿತಿದ್ದ ರೂಮ್‌ಮೇಟ್ ಕಿವಿಯಿಂದ ಇಯರ್‌ಫೋನ್ ತೆಗೆದು ಇಷ್ಟೇ ಹೇಳಿದ: ‘ನಿನಗ ಪುಸ್ತಕದ ವಾಸನಿ ಬೇಕಾಗೇತಿ. ನನಗ ಪುಸ್ತಕಾನ ಬೇಕಾಗೇತಲೇ ದೋಸ್ತ.’

ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣಿಸುವುದಿಲ್ಲ. ನಾನು ಬರೆಯುವ ಪರೀಕ್ಷೆಗಳನ್ನೇ ಅವನೂ ಸ್ಕ್ರೈಬ್ ಸಹಾಯದಿಂದ ಬರೆಯುತ್ತಾನೆ. ನನ್ನ ಕಪಾಟಿನಲ್ಲಿ ಸಾಲಾಗಿ ನಿಂತ ಪುಸ್ತಕಗಳು ಅವನ ಪಾಲಿಗೆ ಬರೀ ಕಾಗದದ ಕಟ್ಟುಗಳು. ಮುದ್ರಿತ ಪುಸ್ತಕ ಮೇಲೋ, ಇ–ಪುಸ್ತಕ ಮೇಲೋ, ಆಡಿಯೊ ಪುಸ್ತಕ ಮೇಲೋ ಎಂಬ ಚರ್ಚೆಯನ್ನು ನಾವು ರುಚಿಯ ಪ್ರಶ್ನೆ ಎಂದುಕೊಂಡಿದ್ದೇವೆ. ಅದು ಪುಸ್ತಕ ಯಾರ ಕೈಗೆ ಎಟಕುತ್ತದೆ ಎಂಬ ಪ್ರಶ್ನೆ ಎಂದು ನನಗೆ ತಿಳಿದದ್ದು ಆ ರಾತ್ರಿ.

<b>ನಾನು ಮಾಡಿದ ಪಿಡಿಎಫ್</b>

ಮರುದಿನ ದೊಡ್ಡ ಉಪಕಾರ ಮಾಡುವವನಂತೆ, ನನಗೆ ಇಷ್ಟವಾದ ಕಾದಂಬರಿಯೊಂದರ ಪಿಡಿಎಫ್ ಅವನಿಗೆ ಕಳಿಸಿದೆ. ಅದು ನಾನೇ ಮಾಡಿದ್ದು. ಇನ್ನೂರು ಚಿಲ್ಲರೆ ಪುಟಗಳನ್ನು ಮೊಬೈಲ್ ಸ್ಕ್ಯಾನರ್‌ನಲ್ಲಿ ಹೊಡೆದು, ಹಿಂದೊಮ್ಮೆ ಟೆಲಿಗ್ರಾಂ ಗುಂಪಿಗೆ ಹಾಕಿ ಬೆನ್ನು ತಟ್ಟಿಸಿಕೊಂಡಿದ್ದೆ. ಅವನು ಫೈಲ್ ತೆರೆದ. ಪರದೆಯ ಮೇಲಿನದ್ದನ್ನು ಗಟ್ಟಿಯಾಗಿ ಓದಬೇಕಾದ ಟಾಕ್‌ಬ್ಯಾಕ್ ಪುಟದ ಸಂಖ್ಯೆ ಹೇಳಿ ಸುಮ್ಮನಾಯಿತು. ಸ್ಕ್ಯಾನ್ ಮಾಡಿದ ಪುಟ ಅದಕ್ಕೆ ಅಕ್ಷರವಲ್ಲ, ಬರೀ ಚಿತ್ರ. ನಮ್ಮ ತರಬೇತಿ ಕೇಂದ್ರವೊಂದು ಕೊಡುವ ನೋಟ್ಸ್ ಕೂಡ ಹೀಗೇ ಇರುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಪುಸ್ತಕಗಳಲ್ಲಿ ಬಹುಪಾಲು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆದಂಥವು. ಅವು ನೋಡುವ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ಪಿಡಿಎಫ್‌ನಲ್ಲಿ ಒಂದು ಪದ ಹುಡುಕಲು ಆಗದು, ಮೊಬೈಲ್ ಪರದೆಗೆ ತಕ್ಕಂತೆ ಅಕ್ಷರ ಹಿಗ್ಗಿಸಿದರೆ ಸಾಲು ಹೊಂದಿಕೊಳ್ಳದು, ಯಂತ್ರಕ್ಕೆ ಓದಲೂ ಬಾರದು. ಯುನಿಕೋಡ್‌ನಲ್ಲಿ ಸಿದ್ಧವಾದ ಪುಸ್ತಕವಾದರೆ ಮಾತ್ರ ಇವೆಲ್ಲ ಸಾಧ್ಯ. ಹಳೆಯ ಪುಸ್ತಕವನ್ನು ಇ–ಪುಸ್ತಕ ಮಾಡುವುದೆಂದರೆ ಪಠ್ಯವನ್ನು ಪರಿವರ್ತಿಸಿ, ಒತ್ತಕ್ಷರ ತಪ್ಪಿದ್ದನ್ನೆಲ್ಲ ಕೂತು ತಿದ್ದಬೇಕು. ಸಣ್ಣ ಪ್ರಕಾಶಕರಿಗೆ ಇದು ಹಣ, ಶ್ರಮ ಎರಡೂ ಬೇಡುವ ಕೆಲಸ.

ಅಂದರೆ ನನ್ನ ಪಿಡಿಎಫ್‌ನಿಂದ ಯಾರಿಗೆ ನಿಜವಾಗಿ ಬೇಕಿತ್ತೋ ಅವನಿಗೆ ಉಪಯೋಗವಾಗಲಿಲ್ಲ, ಯಾರು ಕೊಳ್ಳಬಹುದಿತ್ತೋ ಅವರು ಕೊಳ್ಳದಂತಾಯಿತು. ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಡಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ರೂಮ್‌ಮೇಟ್‌ಗಾಗಿ ನಾನು ಪಠ್ಯವನ್ನು ಸಿದ್ಧಮಾಡಿ ಕೊಟ್ಟಿದ್ದರೆ ಅದು ತಪ್ಪಾಗುತ್ತಿರಲಿಲ್ಲ. ಸಾವಿರಾರು ಜನರಿರುವ ಗುಂಪಿಗೆ ಎಸೆದದ್ದು ಕಳ್ಳತನ. ನಾನು ಎರಡನೆಯದನ್ನು ಮಾಡಿ, ಮೊದಲನೆಯದನ್ನು ಮಾಡಿದೆ ಎಂದುಕೊಂಡಿದ್ದೆ.

<b>ತಡವಾಗಿ ಬಂದ ಬಸ್ಸು</b>

ಕನ್ನಡದ ಇ–ಪುಸ್ತಕ ಹಿಂದುಳಿದದ್ದಕ್ಕೆ ನಮ್ಮ ಸೋಮಾರಿತನ ಒಂದೇ ಕಾರಣವಲ್ಲ. ಅಮೆಜಾನ್ ಕಿಂಡಲ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಒಳಗೆ ಹೋದವು. ಕನ್ನಡಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. 2020ರಲ್ಲಿ ಮೈಲ್ಯಾಂಗ್ ಬಂದ ಮೇಲೆ ಕನ್ನಡದ ಇ–ಪುಸ್ತಕ, ಆಡಿಯೊ ಪುಸ್ತಕಗಳಿಗೆಂದೇ ಒಂದು ಅಂಗಡಿ ಸಿಕ್ಕಂತಾಯಿತು. ಆಡಿಯೊ ಪುಸ್ತಕಗಳ ಸ್ಟೋರಿಟೆಲ್‌ನಲ್ಲೂ ಕನ್ನಡ ಸೇರಿಕೊಂಡಿತು. ಸರ್ಕಾರದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾದದ್ದೂ 2020ರಲ್ಲೇ. ಅದರಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು.

ತೆರಿಗೆಯ ಲೆಕ್ಕವೂ ವಿಚಿತ್ರವಾಗಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ–ಪುಸ್ತಕಕ್ಕೆ ಮೊದಲು ಶೇ 18 ಇತ್ತು. 2018ರ ಜುಲೈನಲ್ಲಿ ಅದನ್ನು ಶೇ 5ಕ್ಕೆ ಇಳಿಸಿದರು. ಆದರೆ ಈ ರಿಯಾಯಿತಿ ಮುದ್ರಿತ ರೂಪವೂ ಇರುವ ಪುಸ್ತಕಕ್ಕೆ ಮಾತ್ರ. ಮುದ್ರಣಕ್ಕೆ ದುಡ್ಡಿಲ್ಲದ ಹೊಸ ಬರಹಗಾರ ನೇರವಾಗಿ ಡಿಜಿಟಲ್‌ನಲ್ಲೇ ಪುಸ್ತಕ ತಂದರೆ ಅದಕ್ಕೆ ಈ ಲಾಭವಿಲ್ಲ. ಓದು ಒಂದೇ ಆಗಿರುವಾಗ ತೆರಿಗೆ ಮೂರು ಬಗೆ ಏಕೆ ಎಂದು ಯುವ ಓದುಗರಾದ ನಾವು ಕೇಳಬೇಡವೇ?

<b>ಯಾವುದಕ್ಕೆ ಯಾವುದು?</b>

ಹಾಗಾದರೆ ಕಾಗದ ಬಿಟ್ಟುಬಿಡೋಣವೇ? ಖಂಡಿತ ಬೇಡ. 2018ರಲ್ಲಿ ಸ್ಪೇನ್ ಮತ್ತು ಇಸ್ರೇಲ್‌ನ ಸಂಶೋಧಕರು, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಹಿತಿ ತುಂಬಿದ ಪಠ್ಯವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದುವಾಗ, ಪರದೆಗಿಂತ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಶಾಲೆಗಳಲ್ಲಿ ಪರದೆಯನ್ನು ಬಹಳ ನೆಚ್ಚಿಕೊಂಡಿದ್ದ ಸ್ವೀಡನ್ 2023ರಲ್ಲಿ ಮತ್ತೆ ಮುದ್ರಿತ ಪಠ್ಯಪುಸ್ತಕಗಳಿಗೆ ಹಣ ಸುರಿಯಲು ಮುಂದಾಯಿತು.

ಕೇಳುವ ಓದಿನದ್ದೂ ಇಂಥದೇ ಕಥೆ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಸ್ತಕದ ಭಾಗವನ್ನು ಕೇಳಿದವರಿಗೂ ಪರದೆಯಲ್ಲಿ ಓದಿದವರಿಗೂ ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಲ್ಲೇ 2010ರಲ್ಲಿ ಬಂದ ಇನ್ನೊಂದರಲ್ಲಿ, ಪಾಠವನ್ನು ಪಾಡ್‌ಕಾಸ್ಟ್‌ನಲ್ಲಿ ಕೇಳಿದ ವಿದ್ಯಾರ್ಥಿಗಳು ಓದಿದವರಿಗಿಂತ ಕಡಿಮೆ ಅಂಕ ಪಡೆದರು. ಎರಡನ್ನೂ ಸೇರಿಸಿ ನೋಡಿದಾಗ ನನ್ನ ರೂಮ್‌ಮೇಟ್ ನೆನಪಾಗುತ್ತಾನೆ. ಅವನು ಸಂವಿಧಾನದ ಪಾಠ ಕೇಳುವಾಗ ಬೇರೆ ಏನನ್ನೂ ಮಾಡುವುದಿಲ್ಲ. ನಿಲ್ಲಿಸುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ತನ್ನ ಮಾತಿನಲ್ಲಿ ಸಾರಾಂಶ ರೆಕಾರ್ಡ್ ಮಾಡಿ ಮಲಗುವ ಮುಂಚೆ ಮತ್ತೆ ಕೇಳುತ್ತಾನೆ. ನಾನೋ ಅದೇ ಪಾಠ ಹಚ್ಚಿಕೊಂಡು ಬಟ್ಟೆ ಒಗೆಯುತ್ತೇನೆ. ವ್ಯತ್ಯಾಸ ಕಣ್ಣು–ಕಿವಿಯದ್ದಲ್ಲ, ಕೂತು ಓದುವುದಕ್ಕೂ ಹಾಗೇ ಕಿವಿಗೆ ಬೀಳಿಸಿಕೊಳ್ಳುವುದಕ್ಕೂ ಇರುವಂಥದ್ದು.

ಈಗ ನನ್ನ ಲೆಕ್ಕ ಹೀಗಿದೆ. ಪರೀಕ್ಷೆಯ ಓದಿಗೆ ಕಾಗದ ಮತ್ತು ಪೆನ್ಸಿಲ್. ಅಂಗಡಿಯಲ್ಲಿ ಸಿಗದ ಪುಸ್ತಕಕ್ಕೆ, ಕಪಾಟಿನಲ್ಲಿ ಜಾಗವಿಲ್ಲದಾಗ ಇ–ಪುಸ್ತಕ. ಊರಿಗೆ ಹೋಗುವ ಸವದತ್ತಿ ಬಸ್ಸಿನಲ್ಲಿ ಕಾದಂಬರಿ ಕೇಳುವುದು. ನಿಂತುಕೊಂಡೇ ಹೋಗುವ ಬಸ್ಸಿನಲ್ಲಿ ಕೈಯಲ್ಲಿ ಪುಸ್ತಕ ಹಿಡಿಯಲು ಯಾರಿಗೆ ಸಾಧ್ಯ? ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಅದೇ ಕಾದಂಬರಿ ಹಚ್ಚಿಟ್ಟೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವ, ‘ಮುಂದ ಆ ಹುಡುಗಿದು ಏನಾತೋ?’ ಎಂದು ಮರುವಾರ ಫೋನ್ ಮಾಡಿ ಕೇಳಿದಳು. ನಾನು ಕಾದಂಬರಿ ಓದಲು ಶುರುಮಾಡಿ ಎಂಟು ವರ್ಷವಾಗಿತ್ತು, ಅದರ ಬಗ್ಗೆ ಅವ್ವನ ಜೊತೆ ಮಾತಾಡಿದ್ದು ಅದೇ ಮೊದಲು.

ಕೇಳುವುದು ನಮಗೆ ಹೊಸದೂ ಅಲ್ಲ. ಗಮಕಿ ಓದಿ, ವ್ಯಾಖ್ಯಾನಕಾರರು ಬಿಡಿಸಿ ಹೇಳಿದ ಕುಮಾರವ್ಯಾಸನನ್ನು ಅಕ್ಷರ ಬಾರದವರೂ ಬಲ್ಲರು. ನಮ್ಮ ಕಡೆ ಶ್ರಾವಣದಲ್ಲಿ ಇಂದಿಗೂ ಮಠ, ಗುಡಿಗಳಲ್ಲಿ ಪುರಾಣ ನಡೆಯುತ್ತದೆ.

<b>ದುಡ್ಡಿನ ಮಾತು</b>

ಗಳಗನಾಥರು ಕಾದಂಬರಿ ಬರೆದು, ತಾವೇ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ಬೆಳೆಯಿತು. ಆ್ಯಪ್‌ಗಳ ‘ಸಬ್‌ಸ್ಕ್ರಿಪ್ಷನ್’ ಎಂಬುದು ನಮ್ಮ ಅಜ್ಜಂದಿರು ಕಟ್ಟಿದ ಚಂದಾ ತಾನೇ? ಅವರ ಕಾಲದಲ್ಲಿ ಓದುಗರಿದ್ದ ಊರಿಗೆ ಪುಸ್ತಕ ತಲುಪಿಸುವುದೇ ಕಷ್ಟವಾಗಿತ್ತು. ಈಗ ಪುಸ್ತಕ ಕಿಸೆಯೊಳಗೇ ಬಂದಿದೆ, ಕೊಳ್ಳುವವರು ಕಮ್ಮಿ.

ಕನ್ನಡದಲ್ಲಿ ಎಷ್ಟೋ ಪುಸ್ತಕಗಳ ಒಂದು ಮುದ್ರಣವೆಂದರೆ ಐನೂರು, ಸಾವಿರ ಪ್ರತಿ. ಪಿಡಿಎಫ್ ಹಂಚುವ ಒಂದೊಂದು ಗುಂಪಿನಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತೇವೆ. ಒಳ್ಳೆಯ ಇ–ಪುಸ್ತಕ ಬರಬೇಕು, ಒಳ್ಳೆಯ ದನಿಯಲ್ಲಿ ಆಡಿಯೊ ಬರಬೇಕು ಎಂದರೆ ಯಾರೋ ಅದಕ್ಕೆ ದುಡ್ಡು ಕೊಡಬೇಕು. ಕೆಲಸವಿಲ್ಲದ ನಮಗೆ ಅದು ಸುಲಭವಲ್ಲ, ನನಗೂ ಗೊತ್ತು. ಆದರೆ ಉಚಿತ ಬೇಕೆಂದರೆ ಗ್ರಂಥಾಲಯವಿದೆ. ನಗರಗಳ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಿಯಾಗುತ್ತದೆ. ಅದು ನಮ್ಮದೇ ದುಡ್ಡು. ಬೇಕಾದ ಪುಸ್ತಕ ತರಿಸಿ ಎಂದು ಅಲ್ಲಿ ಕೇಳುವ ಹಕ್ಕು ನಮಗಿದೆ. ತಿಂಗಳಿಗೆ ಒಂದು ಸಿನಿಮಾ ಬಿಟ್ಟರೆ ಒಂದು ಪುಸ್ತಕ ಕೊಳ್ಳಲೂಬಹುದು.

ನಾನು ಆ ಗುಂಪಿನಿಂದ ನನ್ನ ಪಿಡಿಎಫ್ ಅಳಿಸಿದೆ. ಎಷ್ಟು ಕಡೆ ಹೋಗಿದೆಯೋ, ಅದು ನನ್ನ ಕೈಯಲ್ಲಿಲ್ಲ. ಈಗ ದಿನಾ ಅರ್ಧ ಗಂಟೆ, ಆಡಿಯೊ ಆಗಲಿ ಇ–ಪುಸ್ತಕವಾಗಲಿ ಇಲ್ಲದ ಪರೀಕ್ಷಾ ಪುಸ್ತಕವನ್ನು ಗಟ್ಟಿಯಾಗಿ ಓದಿ ಅವನ ಮೊಬೈಲ್‌ಗೆ ರೆಕಾರ್ಡ್ ಮಾಡುತ್ತೇನೆ. ಹಾಗೆ ಓದಿದ ಅಧ್ಯಾಯಗಳೇ ನನಗೂ ಚೆನ್ನಾಗಿ ನೆನಪಿರುತ್ತವೆ.

ಮೊನ್ನೆ ಹೊಸ ಪುಸ್ತಕವೊಂದನ್ನು ತಂದು ಮೂಗಿಗೆ ಹಿಡಿದಿದ್ದೆ. ಹಾಳೆಯ ಸದ್ದಿಗೆ ಗೊತ್ತಾಯಿತೇನೋ, ಅವನು ಕೈ ಚಾಚಿ ಇಸಿದುಕೊಂಡು ತಾನೂ ಮೂಸಿ ನೋಡಿದ. ‘ವಾಸನಿ ಚಲೋ ಐತಲೇ’ ಎಂದು ಪುಸ್ತಕ ವಾಪಸ್ ಕೊಟ್ಟು, ‘ಇನ್ನ ಒಳಗ ಏನೈತಿ, ಓದು’ ಎಂದ.