ಬೆವರಲ್ಲ ತಮ್ಮಾ, ಬ್ಯಾಕ್ಟೀರಿಯಾ!

ಹೊಸ ಚಿತ್ರದ ಮೊದಲ ದಿನ, ಮೊದಲ ಆಟ. ಬಿಸಿಲಲ್ಲಿ ಎರಡು ಗಂಟೆ ಕ್ಯೂ ನಿಂತು, ಬೆವರಲ್ಲಿ ತೊಯ್ದು ಗಾಂಧಿ ಕ್ಲಾಸಿನಲ್ಲಿ ಕೂತಿದ್ದೆ. ತೆರೆಯ ಮೇಲೆ ನಾಯಕ ಬಂದದ್ದೇ ತಡ, ಎರಡೂ ಕೈಯೆತ್ತಿ ಕೂಗಿದೆ. ಇಂಟರ್‌ವಲ್ ಆದಮೇಲೆ ಪಕ್ಕದಲ್ಲಿದ್ದ ಜೀವದ ಗೆಳೆಯ ಹಿಂದಿನ ಸಾಲಿಗೆ ಹೋಗಿ ಕೂತ! "ಇಲ್ಲಿ ಫ್ಯಾನ್ ಇದೆ ಕಣೋ" ಅಂದ. ಫ್ಯಾನೂ ಇರಲಿಲ್ಲ, ಗೀನೂ ಇರಲಿಲ್ಲ.

ನಿಜ ಹೇಳಿದವರು ಕ್ಷೌರದಂಗಡಿಯ ಯಜಮಾನರು: "ಬೇಜಾರು ಮಾಡ್ಕೋಬೇಡ ಮರಿ, ಕಂಕುಳು ನಾರುತ್ತೆ." ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ತಮ್ಮಂದಿರೇ, ತಪ್ಪು ಬೆವರಿನದಲ್ಲ. ಕಂಕುಳಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ ಆ ಬೆವರನ್ನು ಒಡೆದಾಗ ಹುಟ್ಟೋದೇ ನಾತ. ಅದರ ಮೇಲೆ ಸೆಂಟ್ ಸುರಿದರೆ ಎರಡೂ ಸೇರಿ ಮೂರನೇ ನಾತ!

ನಾನು ಮಾಡಿದ್ದಿಷ್ಟು. ದಿನಾ ಸೋಪು ಹಚ್ಚಿ ಕಂಕುಳು ತೊಳೆದು, ಚೆನ್ನಾಗಿ ಒರೆಸಿದೆ. ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕದ ಹೊಸ ತುಂಡೊಂದನ್ನು ಒದ್ದೆಮಾಡಿ ತೆಳ್ಳಗೆ ಸವರಿದೆ. ಬನಿಯನ್ ದಿನಕ್ಕೊಂದು, ಒಗೆದು ಬಿಸಿಲಿಗೆ. ಪಾಲಿಯೆಸ್ಟರ್ ಷರ್ಟು ನಾತ ಹಿಡಿದಿಟ್ಟುಕೊಳ್ಳುತ್ತೆ, ಕ್ಯೂಗೆ ಹತ್ತಿಯದೇ ಲೇಸು. ನಿಂಬೆರಸ, ಅಡಿಗೆ ಸೋಡಾ ಬೇಡ. ಚರ್ಮ ಉರಿದು ಕೆಂಪಾದೀತು. ಕೂದಲು ಬೋಳಿಸಿದ ದಿನ ಪಟಿಕವೂ ಬೇಡ. ಇಷ್ಟಾದರೂ ಹೋಗದಿದ್ದರೆ, ಅಥವಾ ವಾಸನೆ ಇದ್ದಕ್ಕಿದ್ದಂತೆ ಬದಲಾದರೆ ಡಾಕ್ಟರಿಗೆ ತೋರಿಸಿ.

ಕೊನೆಗೊಂದು ಮಾತು. ಪಕ್ಕದ ಗೆಳೆಯ ನಾರಿದರೆ ಸೀಟು ಬದಲಾಯಿಸಬೇಡಿ, ಕಿವಿಯಲ್ಲಿ ಮೆಲ್ಲಗೆ ಹೇಳಿ. ನನ್ನವನು ಹೇಳಲಿಲ್ಲ, ಮುನಿಸಿಕೊಂಡು ನಾನೂ ಮತ್ತೆ ಕರೆಯಲಿಲ್ಲ. ಹೇಳಿದ್ದರೆ ಇವತ್ತಿಗೂ ಒಟ್ಟಿಗೇ ಸಿನಿಮಾ ನೋಡ್ತಿದ್ದೆವು.