ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ

ಕಳೆದ ಎರಡು ಸಂಚಿಕೆಗಳಲ್ಲಿ ಈ ಅಂಕಣ ಕಾಣದಿದ್ದುದಕ್ಕೆ ಕಾರಣ ಕೇಳಿ ಅನೇಕ ವಾಚಕ ಬಂಧುಗಳು ಪತ್ರ ಬರೆದಿದ್ದಾರೆ. ಕಾರಣ ಮುಚ್ಚಿಡುವಂಥದೇನೂ ಅಲ್ಲ. ನಮಗೆ ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಅಡಗುತ್ತಿದ್ದ ಗಂಟನ್ನು ನಾಚಿಕೆಯಿಂದ ಎರಡು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟದ್ದು ನಮ್ಮ ಮೊದಲ ತಪ್ಪು. ಗಂಡಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಬರುವ ತೊಂದರೆಗೆ ನಾಚಿದ್ದೇಕೆಂದು ಈಗ ಅನಿಸುತ್ತದೆ. ಆದರೆ ಇಲ್ಲಿ ಅರಿಕೆ ಮಾಡಬೇಕೆಂದಿರುವುದು ಮನೆಗೆ ಮರಳಿದ ಮೇಲೆ ಮಾಡಿದ ಎರಡನೆಯ ತಪ್ಪನ್ನು.

ಆಸ್ಪತ್ರೆಯಿಂದ ಹೊರಡುವಾಗ ವೈದ್ಯರು ನೋವಿನ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವಂತೆ ಚೀಟಿ ಬರೆದುಕೊಟ್ಟಿದ್ದರು. ಗಾಯದ ಸುತ್ತ ಕೊಟ್ಟಿದ್ದ ಚುಚ್ಚುಮದ್ದಿನ ಬಲದಿಂದ ಆ ಜಾಗ ಮರಗಟ್ಟಿ, ಮೊದಲ ರಾತ್ರಿ ನೋವೇ ಇರಲಿಲ್ಲ. ಇಷ್ಟಕ್ಕೆ ಗುಳಿಗೆ ಏಕೆಂದು ಚೀಟಿಯನ್ನು ದಿಂಬಿನ ಕೆಳಗಿಟ್ಟೆವು. “ಗುಳಿಗಿ ಭಾಳ ತಗೋಬ್ಯಾಡಪ್ಪಾ, ಉಷ್ಣ ಆಗ್ತದ” ಎಂದು ನಮ್ಮ ತಾಯಿಯವರೂ ಹೇಳಿದರು. ಮರುದಿನ ಮದ್ದಿನ ಪ್ರಭಾವ ಇಳಿಯಿತು. ನೋವನ್ನು ಸಹಿಸುವುದೇ ದೊಡ್ಡಸ್ತಿಕೆಯೆಂದು ಹಲ್ಲುಕಚ್ಚಿ ಮಲಗಿದೆವು. ಏಳಲಿಲ್ಲ, ಕೆಮ್ಮು ಬಂದರೆ ತಡೆದುಕೊಂಡೆವು, ಎದ್ದು ಹೋಗಬೇಕಾದೀತೆಂದು ನೀರನ್ನೂ ಕಡಿಮೆ ಕುಡಿದೆವು. ನಾಲ್ಕು ದಿನ ಮಲಬದ್ಧತೆ. ಐದನೆಯ ದಿನ ತಿಣುಕಿದಾಗ ಹೊಲಿಗೆಯೇ ಹರಿಯಿತೇನೋ ಎಂಬಷ್ಟು ನೋವಾಗಿ ಬೆವರಿಳಿಯಿತು. ಮನೆಯವರು ಗಾಬರಿಯಿಂದ ವೈದ್ಯರಿಗೆ ದೂರವಾಣಿ ಮಾಡಿದರು. ಹೊಲಿಗೆ ಹರಿದಿರಲಿಲ್ಲ. “ಗುಳಿಗೆ ಕೊಟ್ಟದ್ದು ನೀವು ಎದ್ದು ಓಡಾಡಲೆಂದು, ನೀವು ಅದನ್ನು ಬಿಟ್ಟು ಹಾಸಿಗೆ ಹಿಡಿದಿರಿ” ಎಂದು ಅವರು ಗದರಿದರು.

ಹಾಸಿಗೆ ಬಿಟ್ಟೇಳಬಾರದೆಂಬ ಮಾತು ಹಿಂದಿನ ಕಾಲದ್ದು. 1880ರ ದಶಕದಲ್ಲಿ ಇಟಲಿಯ ಬಸ್ಸಿನಿ ಎಂಬ ಶಸ್ತ್ರವೈದ್ಯರು ರೂಪಿಸಿದ ವಿಧಾನದಲ್ಲಿ ಸಡಿಲಗೊಂಡ ಸ್ನಾಯುಗಳನ್ನು ಎಳೆದು ಹೊಲಿಯಲಾಗುತ್ತಿತ್ತು. ಎಳೆತವಿದ್ದಲ್ಲಿ ನೋವೂ ಇತ್ತು, ಬಿಚ್ಚೀತೆಂಬ ಭಯವೂ ಇತ್ತು. ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ನಾಯುವನ್ನು ಎಳೆಯದೆ ಸಣ್ಣ ಬಲೆಯೊಂದನ್ನು ಹೊಂದಿಸುತ್ತಾರೆ. ನಮಗೂ ಹಾಕಿದ್ದು ಅಂಥ ಬಲೆಯನ್ನೇ. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಂತೂ, ದೇಹಕ್ಕೆ ಹಿತವೆನಿಸಿದೊಡನೆ ನಿತ್ಯದ ಕೆಲಸಗಳಿಗೆ ಮರಳಬಹುದೆಂದು ಹೇಳುತ್ತದೆ. ಭಾರ ಎತ್ತುವ ವಿಷಯದಲ್ಲಿ ಮಾತ್ರ ತಮ್ಮ ತಮ್ಮ ವೈದ್ಯರ ಮಾತನ್ನು ಕೇಳುವುದು ಲೇಸು.

ಮೊದಲ ಎರಡು ಮೂರು ದಿನ ನೋವು ಹೆಚ್ಚು. ಅದು ಏರಿದ ಮೇಲೆ ಇಳಿಸುವುದು ಕಷ್ಟ. ಗಡಿಯಾರ ನೋಡಿ ಗುಳಿಗೆ ನುಂಗಿದರೆ ಏರುವುದೇ ಕಡಿಮೆ. ಸಾಮಾನ್ಯವಾಗಿ ಕೊಡುವ ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಗುಳಿಗೆಗಳನ್ನು ಮೀರಬಾರದು. ಕೃಶ ಶರೀರದವರಿಗೆ, ಯಕೃತ್ತಿನ ತೊಂದರೆಯಿದ್ದವರಿಗೆ ಇನ್ನೂ ಕಡಿಮೆ. ನೆಗಡಿ ಜ್ವರದ ಅನೇಕ ಗುಳಿಗೆಗಳಲ್ಲಿಯೂ ಅದೇ ಇರುವುದರಿಂದ ಎರಡನ್ನೂ ಕೂಡಿಸಿ ನುಂಗಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಊಟವಾದ ಮೇಲೆಯೇ. ಮೂತ್ರಪಿಂಡ, ಹೃದಯ ಅಥವಾ ಹೊಟ್ಟೆಹುಣ್ಣಿನ ಕಾಯಿಲೆಯಿದ್ದವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಟ್ರಮಡಾಲ್‌ನಂಥ ಬಲವಾದ ಗುಳಿಗೆಗಳು ಮಲ ಕಟ್ಟಿಸುತ್ತವೆಂಬುದೂ ನೆನಪಿರಲಿ.

ಮಲಗಿದಲ್ಲಿಂದ ನೇರವಾಗಿ ಮೇಲೇಳಬಾರದು. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಕೈಯೂರಿ ಕುಳಿತು, ಆಮೇಲೆ ನಿಲ್ಲಬೇಕು. ಕೆಮ್ಮುವಾಗ ಸಣ್ಣ ದಿಂಬನ್ನು ಗಾಯದ ಮೇಲೆ ಮೆಲ್ಲಗೆ ಒತ್ತಿ ಹಿಡಿಯಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಬಾವೂ ನೋವೂ ತಗ್ಗುತ್ತವೆ. ವೃಷಣದ ಸುತ್ತ ನೀಲಿಗಟ್ಟಿ ಬಾತದ್ದನ್ನು ಕಂಡು ನಾವು ಹೆದರಿದ್ದೆವು. ಅದು ಬಹುಪಾಲು ತಾನಾಗಿಯೇ ಇಳಿಯುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಲಾಗದೆ ಹತ್ತು ದಿನ ಕುರ್ಚಿಯ ಮೇಲೆಯೇ ಕುಳಿತು ಪೂಜಿಸಿದೆವು.

ಊಟದ ವಿಷಯ ಬಂದರೆ ಬಂಧುಬಳಗದವರೆಲ್ಲ ವೈದ್ಯರೇ. ಬದನೆಕಾಯಿ ನಂಜು, ಬೇಳೆ ತಿಂದರೆ ಕೀವು, ಹಣ್ಣು ಶೀತ ಎಂದು ನೋಡಲು ಬಂದವರು ಒಬ್ಬೊಬ್ಬರು ಒಂದೊಂದನ್ನು ತಟ್ಟೆಯಿಂದ ತೆಗೆಸಿದರು. ಉಳಿದದ್ದು ತಿಳಿಗಂಜಿ ಮತ್ತು ಅವರೇ ತಂದ ಬ್ರೆಡ್ಡು. ಮಲ ಕಟ್ಟಲು ಬೇರೆ ಕಾರಣ ಬೇಕೆ? ಐದನೆಯ ದಿನದ ಆ ಪ್ರಸಂಗದ ನಂತರ ನಮ್ಮ ಮನೆಯವರು ಯಾರ ಮಾತಿಗೂ ಕಿವಿಗೊಡದೆ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಹೆಸರುಬೇಳೆ, ಪಪ್ಪಾಯಿ ಬಡಿಸಿದರು. ರಾತ್ರಿ ಇಸಬ್‌ಗೋಲ್, ದಿನವಿಡೀ ಸಾಕಷ್ಟು ನೀರು. ಗುಳಿಗೆ ನುಂಗಿ ಅಂಗಳದಲ್ಲಿ ನಾಲ್ಕು ಸುತ್ತು ನಡೆಯತೊಡಗಿದ ಮೇಲೆ ದೇಹ ಹದಕ್ಕೆ ಬಂತು.

ಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ದಿನೇ ದಿನೇ ಏರುವ ನೋವು, ವಾಂತಿಯೊಡನೆ ಹೊಟ್ಟೆಯುಬ್ಬರ, ಮೂತ್ರ ಕಟ್ಟುವುದು, ಮೀನಖಂಡದ ಬಾವು, ಏದುಸಿರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳ ನಂತರವೂ ನೋವು ಕಾಡುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಉಂಟು. ಅದನ್ನೂ ವೈದ್ಯರಿಗೆ ಹೇಳಿಕೊಳ್ಳಬೇಕು.

ಕಳೆದ ಸೋಮವಾರ ಇದೇ ಚಿಕಿತ್ಸೆಯಾದ ನಮ್ಮ ಓಣಿಯ ಹಿರಿಯರೊಬ್ಬರನ್ನು ನೋಡಲು ಹೋಗಿದ್ದೆವು. ಗೋಡೆಗೆ ಮುಖಮಾಡಿ ಮಲಗಿದ್ದರು. ಚೀಟಿ ಎಲ್ಲಿದೆಯೆಂದು ಕೇಳಿದರೆ, ದಿಂಬಿನ ಕೆಳಗಿತ್ತು. ತೆಗೆದು ಅವರ ಸೊಸೆಯ ಕೈಗೆ ಕೊಟ್ಟು, ಹೊತ್ತುಗಳನ್ನು ಓದಿ ಹೇಳಿ ಬಂದೆವು.