ಬಡ್ಸ್ ಸಡಿಲ ಇದ್ದರೆ ವಾಲ್ಯೂಮ್ ಏರಿಸಬೇಡಿ, ರಬ್ಬರ್ ಬದಲಾಯಿಸಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗಿನ ಬಸ್ಸು. ಸುಮಾರು 20 ಕಿಲೋಮೀಟರ್ ದಾರಿ, ನಿಲ್ಲಿಸಿಕೊಂಡು ಹೋಗುವ ಬಸ್ಸಾದರೆ ಮುಕ್ಕಾಲು ಗಂಟೆ. ಹೋದ ಮಳೆಗಾಲದಲ್ಲಿ ಒಂದು ದಿನ ಮಾಚೇನಹಳ್ಳಿ ಹತ್ತಿರ ಡ್ರೈವರ್ ಜೋರಾಗಿ ಬ್ರೇಕ್ ಹೊಡೆದರು ನೋಡಿ, ನನ್ನ ಎಡಗಿವಿಯ ಬಡ್ ಟಪ್ ಅಂತ ಉದುರಿ ಸೀಟಿನ ಕೆಳಗೆ ಉರುಳಿಹೋಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಚೀಲ ಸರಿಸಿ, ಬಗ್ಗಿ, ಅದನ್ನು ಹುಡುಕಿ ಕೊಟ್ಟರು. ಸೆರಗಿನಲ್ಲಿ ಒರೆಸಿ ಕೈಗಿಡುತ್ತಾ, "ಎಂತ ಮಗಾ, ಕಿವಿಗೆ ಹಾಕ್ಕೊಳ್ಳೋದಕ್ಕೆ ಒಂದು ತಿರುಪೂ ಇಟ್ಟಿಲ್ವಾ ಇದ್ರಲ್ಲಿ?" ಅಂದರು. ಅವರ ಕಿವಿಯ ಓಲೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ನಗು ಬಂತು. ಆದರೆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಎರಡು ಸಾವಿರ ಕೊಟ್ಟು ತಗೊಂಡ ವಸ್ತು, ಅದನ್ನು ಕಿವಿಯಲ್ಲಿ ಕೂರಿಸುವ ಬಗ್ಗೆ ನಾನು ಎರಡು ನಿಮಿಷವೂ ಯೋಚನೆ ಮಾಡಿರಲಿಲ್ಲ. ಬಾಕ್ಸ್‌ನಲ್ಲಿ ಚಿಕ್ಕ ಕವರ್‌ನೊಳಗೆ ಇನ್ನೆರಡು ಜೊತೆ ರಬ್ಬರ್ ಟಿಪ್ ಬಂದಿದ್ದವು. ಅವು ಹೋಗಿ ಸೇರಿದ್ದು ಹಳೇ ಚಾರ್ಜರ್, ಸತ್ತ ಸೆಲ್ಲು, ಮದುವೆ ಕರೆಯೋಲೆ ಎಲ್ಲ ಇರುವ ಡ್ರಾಯರ್‌ಗೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇರುತ್ತೆ ಬಿಡಿ.

ಬೀಳೋದು ದೊಡ್ಡ ವಿಷಯ ಅಲ್ಲ. ಬಿದ್ದರೆ ಎತ್ತಿಕೊಳ್ಳಬಹುದು. ಬೀಳದೆ, ಸರಿಯಾಗಿ ಕೂರದೆ, ಅರೆಬರೆ ನೇತಾಡಿಕೊಂಡು ಇರುತ್ತಲ್ಲ, ಅದು ಮೋಸ. ಕಿವಿಯ ನಾಳ ಪೂರ್ತಿ ಮುಚ್ಚದಿದ್ದರೆ ಮೊದಲು ಸೋರಿಹೋಗೋದು ಬೇಸ್. ಹಾಡು ಟಿನ್ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತೆ. ಅದೇ ಸಂದಿಯಿಂದ ಬಸ್ಸಿನ ಎಂಜಿನ್ ಗುರ್ ಅನ್ನೋದು ಒಳಗೆ ಬರುತ್ತೆ. ಆಗ ನಮ್ಮ ಬೆರಳು ತಾನಾಗೇ ವಾಲ್ಯೂಮ್ ಬಟನ್ ಮೇಲೆ ಹೋಗುತ್ತೆ. ನನ್ನದು ಮಾಮೂಲಾಗಿ ತೊಂಬತ್ತರ ಹತ್ತಿರ ಇರುತ್ತಿತ್ತು. ಆಫೀಸಿಗೆ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ವಾರಕ್ಕೆ ಆರು ದಿನ. ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಸಣ್ಣಗೆ ಗುಂಯ್ ಅನ್ನೋಕೆ ಶುರುವಾಗಿತ್ತು. ಫ್ಯಾನಿನ ಸದ್ದು ಅಂದುಕೊಂಡೆ. ಫ್ಯಾನ್ ಆಫ್ ಮಾಡಿದರೂ ಅದು ನಿಲ್ಲಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತೇ ಹತ್ತು ಡೆಸಿಬೆಲ್‌ಗೆ ನಲವತ್ತು ಹೋಗಿ ನಾಲ್ಕು! ನನ್ನ ಬಸ್ ಪ್ರಯಾಣವೇ ವಾರಕ್ಕೆ ಒಂಬತ್ತು ಗಂಟೆ.

ಈ ಕಿವಿ ವಿಷಯ ನನಗೆ ನಿಜವಾಗಿ ಅರ್ಥವಾಗಿದ್ದು ನಮ್ಮ ಸೋದರಮಾವನಿಂದ. ಮಾವ ಮೂವತ್ತು ವರ್ಷ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಮಷಿನ್ ಮುಂದೆ ನಿಂತವರು. ಕಿವಿಗೆ ಹತ್ತಿ ತುರುಕಿಕೊಳ್ಳೋದೇ ಅವರ ರಕ್ಷಣೆ. ಈಗ ಟಿವಿ ಸದ್ದು ರಸ್ತೆಗೆ ಕೇಳುತ್ತೆ, ಅವರಿಗೆ ಕೇಳಲ್ಲ. ಶ್ರವಣ ಸಾಧನ ಹಾಕಿಸೋಕೆ ತಾಳಗುಪ್ಪ–ಮೈಸೂರು ರೈಲು ಹತ್ತಿಸಿಕೊಂಡು ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಮಾನಸಗಂಗೋತ್ರಿಯಲ್ಲಿದೆ, 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಅಲ್ಲಿ ಕಿವಿಯೊಳಗೆ ಮೆತ್ತಗಿನ ಪೇಸ್ಟ್ ಹಾಕಿ, ಅದು ಗಟ್ಟಿಯಾದ ಮೇಲೆ ತೆಗೆದು, ಆ ಅಚ್ಚಿನಿಂದ ಅವರವರ ಕಿವಿಗೇ ಅಂತ ಮೋಲ್ಡ್ ಮಾಡಿಕೊಡುತ್ತಾರೆ. ಮಾವನ ಎರಡೂ ಅಚ್ಚು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದರು. ಒಂದು ದಪ್ಪ, ಒಂದು ಸಣಕಲು. ಒಂದು ನೆಟ್ಟಗೆ, ಇನ್ನೊಂದು ಸೊಟ್ಟ. "ಇವು ಒಬ್ಬರದ್ದೇನಾ?" ಅಂತ ಕೇಳಿಬಿಟ್ಟೆ. ಎಡಗಿವಿ ಬಲಗಿವಿ ಒಂದೇ ಥರ ಇರಬೇಕು ಅಂತೇನಿಲ್ಲ ಅಂದರು ಅಲ್ಲಿದ್ದ ಮೇಡಂ. ಮೋಲ್ಡ್ ಸ್ವಲ್ಪ ಸಡಿಲವಾದರೂ ಸದ್ದು ಹೊರಗೆ ಸೋರಿ, ಮತ್ತೆ ಮೈಕಿಗೆ ಹೋಗಿ, ಮಷಿನ್ ಕುಯ್ ಅಂತ ಶಿಳ್ಳೆ ಹಾಕುತ್ತಂತೆ. ಶ್ರವಣ ಸಾಧನಕ್ಕೆ ಇಷ್ಟು ಮುತುವರ್ಜಿ, ಇಯರ್‌ಫೋನಿಗೆ ಮಾತ್ರ ಕಂಪನಿ ಸಿಕ್ಕಿಸಿ ಕಳಿಸಿದ್ದೇ ಸರಿ ಅಂತ ಕೂತಿದ್ದೇವಲ್ಲ!

ಊರಿಗೆ ಬಂದವಳೇ ಡ್ರಾಯರ್ ತಡಕಾಡಿದೆ. ಬಲಗಿವಿಗೆ ಮೀಡಿಯಂ ಸರಿ ಇತ್ತು. ಎಡಗಿವಿಗೆ ಲಾರ್ಜ್ ಹಾಕಿದೆ. ಅಷ್ಟೇ. ಬಡ್ ಬೀಳೋದು ನಿಂತಿತು. ಎರಡು ಕಡೆ ಬೇರೆ ಬೇರೆ ಸೈಜ್ ಹಾಕಿದರೆ ಯಾರೂ ಬೈಯಲ್ಲ, ಹಾಕಿ.

ಸರಿಯಾಗಿ ಕೂತಿದೆಯೋ ಇಲ್ಲವೋ ನೋಡೋಕೆ ಆಪ್ ಬೇಕಿಲ್ಲ. ಏರ್‌ಪಾಡ್ಸ್ ಪ್ರೊ ಥರದ ಕೆಲವು ಬಡ್ಸ್‌ನಲ್ಲಿ ಫೋನ್ ಸೆಟ್ಟಿಂಗ್ಸ್‌ನಲ್ಲೇ ಫಿಟ್ ಟೆಸ್ಟ್ ಇರುತ್ತೆ, ಇದ್ದರೆ ಮಾಡಿ. ಇಲ್ಲದಿದ್ದರೆ ಹಾಡು ನಿಲ್ಲಿಸಿ, ಎರಡೂ ಹಾಕಿಕೊಂಡು, ಬಾಯಿ ಮುಚ್ಚಿ "ಮ್‌ಮ್‌ಮ್" ಅನ್ನಿ. ನಿಮ್ಮ ದನಿ ತಲೆಯೊಳಗೇ ಗುಂಯ್‌ಗುಟ್ಟಿದರೆ ಕಿವಿ ಮುಚ್ಚಿದೆ ಅಂತ. ಒಂದು ಕಡೆ ಮಾತ್ರ ಗುಂಯ್ ಅಂದರೆ ಇನ್ನೊಂದು ಕಡೆ ಸೋರುತ್ತಿದೆ. ಆಮೇಲೆ ಡೊಳ್ಳೋ ತಬಲಾನೋ ಚೆನ್ನಾಗಿರುವ ಒಂದು ಹಾಡು ಹಾಕಿ, ಬಡ್ಡನ್ನು ಬೆರಳಲ್ಲಿ ಸ್ವಲ್ಪ ಒಳಗೆ ಒತ್ತಿ. ಒತ್ತಿದಾಗ ಬೇಸ್ ಜಾಸ್ತಿಯಾಗಿ, ಬಿಟ್ಟಾಗ ಕಮ್ಮಿಯಾದರೆ ಆ ಟಿಪ್ ಸಾಲದು, ಅಥವಾ ಹಾಕಿದ್ದು ಸರಿಯಿಲ್ಲ. ಕೊನೆಗೆ ಏನಾದರೂ ಅಗಿಯಿರಿ. ಅಗಿಯುವಾಗ ದವಡೆ ಅಲುಗಿ ಕಿವಿಯ ನಾಳದ ಆಕಾರವೇ ಬದಲಾಗುತ್ತೆ. ಬಸ್ಸಿನಲ್ಲಿ ಕಡ್ಲೆಕಾಯಿ ತಿನ್ನುವಾಗ ಬಡ್ ಹೊರಗೆ ಜಾರೋದು ಇದಕ್ಕೇ.

ಹಾಕುವ ಕ್ರಮವೂ ಒಂದಿದೆ. ನಾವು ಸುಮ್ಮನೆ ಎದುರಿಂದ ಒತ್ತುತ್ತೇವೆ. ಹಾಗಲ್ಲ. ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆ ಮೇಲಿಂದ ತಂದು ಕಿವಿಯ ಮೇಲಂಚನ್ನು ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ನೆಟ್ಟಗಾಗುತ್ತೆ. ಬಡ್ ಇಟ್ಟು, ಸ್ವಲ್ಪ ತಿರುವಿ, ಕಿವಿ ಬಿಡಿ. ಮೊದಲೆರಡು ದಿನ ಬಸ್ಸಿನಲ್ಲಿ ಯೋಗಾಸನ ಮಾಡಿದ ಹಾಗೆ ಕಾಣುತ್ತೆ, ಆಮೇಲೆ ರೂಢಿಯಾಗುತ್ತೆ. ವೈರ್ ಇರುವ ಇಯರ್‌ಫೋನ್ ಆದರೆ ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಿ ನೋಡಿ. ಎಳೆತ ಕಿವಿಯ ಮೇಲೆ ಬೀಳುತ್ತೆ, ಟಿಪ್ ಮೇಲಲ್ಲ. ವೈರ್ ಅಂಗಿಗೆ ಉಜ್ಜುವ ಕರಕರ ಸದ್ದೂ ಕಮ್ಮಿ.

ಮೂರು ಸೈಜೂ ಆಗದಿದ್ದರೆ ಫೋಮ್ ಟಿಪ್ ಅಂತ ಸಿಗುತ್ತೆ. ಬೆರಳಲ್ಲಿ ಹಿಚುಕಿ ಸಣ್ಣ ಮಾಡಿ ಒಳಗಿಟ್ಟು ಇಪ್ಪತ್ತು ಎಣಿಸುವವರೆಗೆ ಹಿಡಿದುಕೊಂಡರೆ ಅದು ಉಬ್ಬಿ ನಿಮ್ಮ ಕಿವಿಯ ಆಕಾರಕ್ಕೇ ಕೂರುತ್ತೆ. ಹಿತವಾಗಿಯೂ ಇರುತ್ತೆ, ಹೊರಗಿನ ಸದ್ದೂ ಚೆನ್ನಾಗಿ ತಡೆಯುತ್ತೆ. ಆದರೆ ಬೆವರು, ಗುಗ್ಗೆ ಹೀರಿಕೊಂಡು ಕೆಲವು ತಿಂಗಳಲ್ಲೇ ಹಾಳಾಗುತ್ತೆ. ನಮ್ಮ ಮಳೆಗಾಲದ ತೇವಕ್ಕೆ ನನಗಂತೂ ಸಿಲಿಕಾನೇ ಸರಿ, ತೊಳೆದು ಒಣಗಿಸಬಹುದು. ಬೇರೆ ಟಿಪ್ ಕೊಳ್ಳುವಾಗ ಬಡ್ಡನ್ನೂ ಅದರ ಕೇಸನ್ನೂ ಅಂಗಡಿಗೆ ತಗೊಂಡು ಹೋಗಿ. ನೆಹರೂ ರೋಡಿನ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಅರವತ್ತು ರೂಪಾಯಿಗೆ ತಂದ ಉದ್ದದ ಟಿಪ್ ಕಿವಿಗೆ ಸರಿಯಾಯಿತು, ಕೇಸ್ ಮಾತ್ರ ಮುಚ್ಚಲಿಲ್ಲ. ಮುಚ್ಚದಿದ್ದರೆ ಚಾರ್ಜ್ ಆಗಲ್ಲ. ಅರವತ್ತು ರೂಪಾಯಿ ಡ್ರಾಯರ್‌ಗೆ.

ಗಟ್ಟಿ ಕೂರಬೇಕು ಅಂತ ದೊಡ್ಡ ಟಿಪ್ ತುರುಕಬೇಡಿ. ಅರ್ಧ ಗಂಟೆಯಲ್ಲಿ ನೋವು ಬಂದರೆ ಒಂದು ಸೈಜ್ ಇಳಿಸಿ. ತುರಿಕೆ, ನೀರು ಸೋರೋದು, ಕಿವಿ ಕಟ್ಟಿದ ಹಾಗಾಗೋದು ಇದ್ದರೆ ಬಡ್ಸ್ ಬಿಟ್ಟು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಹೇರ್‌ಪಿನ್, ಕಡ್ಡಿ, ಅಜ್ಜಿ ಹೇಳಿದ ಬಿಸಿ ಎಣ್ಣೆ, ಯಾವುದೂ ಬೇಡ.

ಇನ್ನೊಂದು. ಕಿವಿ ಚೆನ್ನಾಗಿ ಮುಚ್ಚಿದರೆ ಹಾರ್ನೂ ಕೇಳಲ್ಲ. ಬಸ್ ಇಳಿಯುವ ಮೊದಲೇ ತೆಗೆದು ಕೇಸಿಗೆ ಹಾಕಿ. ಸ್ಕೂಟಿ ಮೇಲೆ, ರೈಲ್ವೆ ಗೇಟ್ ಹತ್ತಿರ ಅಂತೂ ಬೇಡವೇ ಬೇಡ. ಹಾಗಂತ ಬಸ್ಸಿನೊಳಗೆ ಸ್ಪೀಕರ್ ಹಾಕೋ ಹಾಗೂ ಇಲ್ಲ. ಹೈಕೋರ್ಟ್ ಆದೇಶದ ಮೇಲೆ 2021ರ ನವೆಂಬರ್‌ನಲ್ಲೇ ಕೆಎಸ್‌ಆರ್‌ಟಿಸಿ ಅದನ್ನು ನಿಷೇಧಿಸಿದೆ. ಹೇಳಿದರೂ ಕೇಳದವರನ್ನು ಕಂಡಕ್ಟರ್ ಇಳಿಸಬಹುದು. ಇಳಿಸಿದ್ದನ್ನು ನಾನಂತೂ ನೋಡಿಲ್ಲ.

ಈಗ ನನ್ನ ವಾಲ್ಯೂಮ್ ಐವತ್ತೈದು ದಾಟಲ್ಲ, ಅಷ್ಟಕ್ಕೇ ಎಲ್ಲ ಕೇಳುತ್ತೆ. ಗುಂಯ್ ಅನ್ನೋದು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರ್ ಹತ್ತಿರ ಶ್ರವಣ ಪರೀಕ್ಷೆ ಮಾಡಿಸಿದೆ. ಆರು ತಿಂಗಳು ಬಿಟ್ಟು ಮತ್ತೆ ಬರೋಕೆ ಹೇಳಿದ್ದಾರೆ. ಮೊನ್ನೆ ಆ ರಿಪೋರ್ಟನ್ನು ಮಾವ ತಿರುವಿ ತಿರುವಿ ನೋಡಿದರು. "ನಿಂದು ಗೆರೆ ಇನ್ನೂ ಮೇಲಿದೆ ಕಣೇ. ನಂದು ನೋಡು" ಅಂತ ಒಳಗಿಂದ ತಮ್ಮ ರಿಪೋರ್ಟ್ ತಂದು ಪಕ್ಕದಲ್ಲಿಟ್ಟರು. ಆಮೇಲೆ ಟಿವಿ ಸದ್ದು ಎರಡು ಪಾಯಿಂಟ್ ಇಳಿಸಿದರು.